ಎರಡರಿಂದ ಎಣಿಸುವ ಮನೆ

ಮೂರು ದಿನದ ಪಥ್ಯ

ವಿಯೆಟ್ನಾಮಿಗೆ ಹೋಗಿ ಮೊದಲ ಮೂರು ದಿನ ನಾನು ಮೀನು, ಕೋಳಿ ಯಾವುದನ್ನೂ ಮುಟ್ಟಲಿಲ್ಲ. ವ್ರತವೇನೂ ಹಿಡಿದಿರಲಿಲ್ಲ. ಒಂದು ಕಪ್ ಚಹಾ ಕೇಳಿದ್ದೇ ತಪ್ಪಾಯಿತು, ಅಷ್ಟೇ.

ವಿಮಾನ, ಬಸ್ಸು, ದೋಣಿ ಎಲ್ಲ ಮುಗಿಸಿ, ಕೊನೆಗೆ ಯಾರದೋ ಬೈಕಿನ ಹಿಂದೆ ಬ್ಯಾಗನ್ನು ತಬ್ಬಿಕೊಂಡು, ಮೆಕಾಂಗ್ ನದಿ ಸಮುದ್ರ ಸೇರುವ ಕಡೆಯ ಒಂದು ಹಳ್ಳಿಗೆ ಮುಟ್ಟಿದ್ದೆ. ಇನ್ನು ಎರಡು ವಾರ ನಾನಿರಬೇಕಾದ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದರು. ಮನೆಯ ಯಜಮಾನನಂತಿದ್ದವನು ಕೈಯನ್ನು ಬಾಯಿಯ ಹತ್ತಿರ ಒಯ್ದು, ಏನು ಕೊಡಲಿ ಎಂದು ಸನ್ನೆ ಮಾಡಿದ. ನಮ್ಮೂರಿನಲ್ಲಾಗಿದ್ದರೆ 'ಚಾ' ಅನ್ನುತ್ತಿದ್ದೆ. ಪರದೇಶ, ಸ್ವಲ್ಪ ಠೀವಿ ಇರಲಿ ಎಂದು 'ಚಾಯ್' ಎಂದೆ.

ಎಲ್ಲರ ಮುಖದಲ್ಲೂ ಒಮ್ಮೆಲೇ ಭಕ್ತಿ ಮೂಡಿತು. ಮೂಲೆಯಲ್ಲಿ ಕೂತಿದ್ದ ಅಜ್ಜಿ ಕೈ ಜೋಡಿಸಿದಳು. ಒಲೆಯ ಮೇಲಿದ್ದ ಮೀನಿನ ಬಾಣಲೆಯನ್ನು ಯಾರೋ ಅವಸರದಿಂದ ಒಳಗೆ ಒಯ್ದರು. ನನ್ನ ಮುಂದೆ ಬಂದದ್ದು ಅನ್ನ, ಸೊಪ್ಪು, ಉಪ್ಪಿಲ್ಲದ ಒಂದು ಬಿಳಿ ಗಡ್ಡೆ. ಅದು ಸೋಯಾ ಹಾಲಿನದು ಎಂದು ಆಮೇಲೆ ತಿಳಿಯಿತು. ಅವರ ಭಾಷೆಯಲ್ಲಿ 'ಚಾಯ್' ಎಂದರೆ ಬೌದ್ಧರು ಅಮಾವಾಸ್ಯೆ, ಹುಣ್ಣಿಮೆಗೆ ಮಾಡುವ ಸಸ್ಯಾಹಾರದ ಪಥ್ಯ. ಚಹಾಕ್ಕೆ ಅವರು ಅನ್ನುವುದು ಹೆಚ್ಚೂ ಕಡಿಮೆ 'ಚಾ' ಎಂದೇ. ನಮ್ಮೂರು ಕುಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ಕೇಳುವ ಹಾಗೆ ಕೇಳಿದ್ದರೆ ಚಹಾವೇ ಸಿಗುತ್ತಿತ್ತು. ಠೀವಿ ಮಾಡಿದ್ದಕ್ಕೆ ಒಂಬತ್ತು ಊಟ ಬಿಳಿ ಗಡ್ಡೆ ತಿಂದೆ.

ಮಾಳಿಗೆ ಮೇಲಿನ ಕಾಲೇಜು

ಇಷ್ಟು ದೂರ ಹೋದದ್ದು ಯಾಕೆ ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಾನು ರೇಣುಕಾ, ಊರು ಕುಂದಗೋಳ ತಾಲ್ಲೂಕಿನ ಕುಬಿಹಾಳ. ಓದಿದ್ದು ಬಿ.ಎ., ಕನ್ನಡ ಮತ್ತು ಇತಿಹಾಸ. ಆದರೆ ಎರಡು ವರ್ಷದಿಂದ ತಲೆಗೆ ಹತ್ತಿದ್ದು ಸಾಂಸ್ಕೃತಿಕ ಮಾನವಶಾಸ್ತ್ರ. ಜನ ಯಾರನ್ನು ಏನೆಂದು ಕರೆಯುತ್ತಾರೆ, ಯಾರ ಮನೆಯಲ್ಲಿ ಊಟ ಮಾಡುತ್ತಾರೆ, ಯಾರ ಮುಂದೆ ಸುಮ್ಮನಾಗುತ್ತಾರೆ ಎಂದು ಹತ್ತಿರ ಕೂತು ನೋಡುವ ಶಾಸ್ತ್ರ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ಅವ್ವ ಹರವಿದ ಮೆಣಸಿನಕಾಯಿಯ ನಡುವೆ ಕೂತು, ಸೀನುತ್ತ, ಫೋನಿನಲ್ಲಿ ಪುಕ್ಕಟೆ ಸಿಗುವ ಪಾಠ ಕೇಳಿ ನೋಟ್ಸ್ ಬರೆದುಕೊಂಡೆ. 

ಅವ್ವನಿಗೆ ಮೊದಲು ಗಾಬರಿಯಾಗಿತ್ತು.

"ಶಾಸ್ತ್ರ ಅಂದ್ರ ಮನಿ ಮನಿ ತಿರಗಿ ಭವಿಷ್ಯ ಹೇಳೂದೇನಬೇ?"

"ಅಲ್ಲಬೇ ಯವ್ವಾ, ಇದು ಮನಶ್ಯಾರನ್ನ ಓದೂದು."

"ಅದನ್ನ ಅಂದೆ. ಕೈ ನೋಡಿ ಓದತೀಯೋ, ಮಾರಿ ನೋಡೋ?"

ಆ ವಾರವೇ ಬಾಜು ಮನೆಯ ನೀಲವ್ವ ಅಂಗೈ ಚಾಚಿಕೊಂಡು ಬಂದಳು, ಮಗನ ಲಗ್ನ ಯಾವಾಗ ನೋಡವಾ ಎಂದು.

ಹೀಗಿರುವಾಗ ವಿಯೆಟ್ನಾಮಿನಲ್ಲಿ ಹೊಸಬರಿಗಾಗಿ ಎರಡು ವಾರದ ಶಿಬಿರವಿದೆ, ಆಯ್ಕೆಯಾದರೆ ಹೋಗಿ ಬರುವುದನ್ನು ಅವರೇ ನೋಡಿಕೊಳ್ಳುತ್ತಾರೆ ಎಂದು ಓದಿ ಅರ್ಜಿ ಹಾಕಿದೆ. ಆಯ್ಕೆಯಾಯಿತು. ಅಪ್ಪ ಮಾತ್ರ ಒಂದು ಕರಾರು ಹಾಕಿದ.

"ಹೋಗಿ ಬಾ. ಅವರು 'ಈಕಿಗೆ ಈ ಕೆಲಸಾ ಬರತೈತಿ' ಅಂತ ಕಾಗದ ಕೊಟ್ರ ನೀ ಅಂದ ಎಂ.ಎ. ಮಾಡು. ಕೊಡಲಿಲ್ಲಂದ್ರ ಸುಮ್ನ ಬಿ.ಎಡ್. ಆತಿಲ್ಲೋ?"

"ಆತಪ್ಪಾ."

ಆ ಕಾಗದಕ್ಕೆ ಶಿಬಿರದ ಟೀಚರ್ ಇಟ್ಟಿದ್ದ ಪರೀಕ್ಷೆ ಒಂದೇ. ಉಳಿದುಕೊಂಡ ಮನೆಯ ಬಂಧುತ್ವದ ನಕ್ಷೆ ಬರೆಯಬೇಕು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ತೀರಿಹೋದವರ ಮೇಲೆ ಓರೆಗೆರೆ, ಒಡಹುಟ್ಟಿದವರೆಲ್ಲ ಒಂದೇ ಅಡ್ಡಗೆರೆಯಿಂದ ಸಾಲಾಗಿ ಇಳಿಬಿದ್ದಿರುತ್ತಾರೆ. ಬರೆದ ಮೇಲೆ ಆ ಮನೆಯ ತಾಯಿ ಮತ್ತು ಬೆಳೆದ ಮಕ್ಕಳೆಲ್ಲರೂ ಅದನ್ನು ನೋಡಿ, 'ಹೌದು, ಇದು ನಾವೇ' ಎಂದು ಹಾಳೆಯ ಬೆನ್ನಿಗೆ ಗುರುತು ಹಾಕಬೇಕು. ಒಬ್ಬರ ಗುರುತು ತಪ್ಪಿದರೂ ಕಾಗದ ಇಲ್ಲ. "ಪುಸ್ತಕ ಒಪ್ಪಿದರೆ ಸಾಲದು, ಮನೆ ಒಪ್ಪಬೇಕು," ಎಂದರು ಟೀಚರ್.

ಹಾಯ್ ಎಂದರೆ ಹಾಯ್ ಅಲ್ಲ

ಮೊದಲ ಮೂರು ದಿನ ದುಭಾಷಿಯನ್ನು ಕೊಡುವುದಿಲ್ಲ ಎಂಬುದೂ ಟೀಚರ್ ನಿಯಮವೇ. ಬಾಯಿ ಕೆಲಸಕ್ಕೆ ಬಾರದಿದ್ದಾಗ ಕಣ್ಣು ಚುರುಕಾಗುತ್ತದಂತೆ. ನನಗೆ ಚುರುಕಾದದ್ದು ಹೊಟ್ಟೆ. ಆದರೂ ಕೆಲವು ವಿಷಯ ತಿಳಿದುಕೊಂಡೆ.

ಮನೆಯ ಅಜ್ಜಿಯನ್ನು 'ಬಾ' ಎಂದು ಕರೆಯಬೇಕು. ಅವರ ಮಾತಿನಲ್ಲಿ ಬಾ ಎಂದರೆ ಅಜ್ಜಿ. ಎಪ್ಪತ್ತೆಂಟು ವರ್ಷದ ಹಿರಿಯಳ ಎದುರು ನಿಂತು 'ಬಾ' ಎನ್ನಲು ಧಾರವಾಡ ಕಡೆಯವಳ ನಾಲಿಗೆ ಹೇಗೆ ಹೊರಳೀತು? ನಾಚಿಕೆಯಾಗಿ 'ಬಾ ರೀ' ಎಂದೆ. ಅಜ್ಜಿಗೆ ಅದು ಬಹಳ ಹಿಡಿಸಿತು. ಎರಡು ದಿನದಲ್ಲಿ ಮನೆಮಂದಿಯೆಲ್ಲ ಅವಳನ್ನು 'ಬಾರೀ' ಎಂದು ಕರೆಯತೊಡಗಿದರು. ತೊಂದರೆ ಎಂದರೆ, ರಾಗ ಸ್ವಲ್ಪ ಬದಲಾದರೆ ಬಾ ಎಂದರೆ ಮೂರು. ಅವಳ ಒಬ್ಬ ಮಗನ ಹೆಸರೂ ಅದೇ. ನಾನು ಮೂರು ದಿನ ಅಜ್ಜಿಯನ್ನು ಮೂರು ಎಂದೂ, ಮೀಸೆ ಹೊತ್ತ ಮಗನನ್ನು ಅಜ್ಜಿ ಎಂದೂ ಕರೆದೆ.

ನನಗೆ ಪಥ್ಯ ಮಾಡಿಸಿದ ಯಜಮಾನ ಕಿರಿಯ ಮಗ. ಹೆಸರು ಊಟ್. ಅವನು ಎದುರು ಬಂದಾಗಲೆಲ್ಲ ನನಗೆ ಹಸಿವಾಗುತ್ತಿತ್ತು. ಹಿರಿಯ ಮಗಳ ಹೆಸರು ಹಾಯ್. ಮೊದಲ ದಿನ ಯಾರೋ ಅವಳನ್ನು 'ಹಾಯ್!' ಎಂದು ಕೂಗಿದರೆ ನಾನೂ ಕೈ ಬೀಸಿ 'ಹಾಯ್' ಎಂದೆ. ಅವಳು ಬಂದಳು. ನಾನು ಮತ್ತೆ 'ಹಾಯ್' ಎಂದೆ. ಇನ್ನೂ ಹತ್ತಿರ ಬಂದಳು.

ಐವತ್ತೈದರ ಹೆಂಗಸು, ನಾಲ್ಕು ಮನೆ ಆಚೆ ಇದ್ದಾಳೆ, ಬೆಳಿಗ್ಗೆ ಕಾಲುವೆ ದಂಡೆಯಲ್ಲಿ ಶಾವಿಗೆ ಸಾರು ಮಾರುತ್ತಾಳೆ. ಮಾತು ಕಡಿಮೆ, ಕೈ ಗಟ್ಟಿ. ಆ ಊರಲ್ಲಿ ರಸ್ತೆಗಿಂತ ಕಾಲುವೆಗಳೇ ಹೆಚ್ಚು. ನಮ್ಮೂರಲ್ಲಿ ನಲ್ಲಿ ಬರುವ ದಿನ ಮನೆಗೆ ನೆಂಟರು ಬಂದಷ್ಟು ಸಡಗರ. ಅಲ್ಲಿ ನೀರು ಹೊಸ್ತಿಲಿಗೇ ಬಂದು ನಿಂತಿರುತ್ತದೆ. ಕಪ್ಪು ಮಣ್ಣಿನ ಯರಿ ಭೂಮಿಯಲ್ಲಿ ಬೆಳೆದವಳಿಗೆ ಅಷ್ಟು ನೀರು ಕಂಡರೆ ಕಾಲು ತಾನಾಗಿ ಅತ್ತ ಎಳೆಯುತ್ತದೆ. ನಾನು ಕಾಲುವೆ ಮೆಟ್ಟಿಲ ಹತ್ತಿರ ಹೋದಾಗಲೆಲ್ಲ ಹಾಯ್ ಎಲ್ಲಿಂದಲೋ ಬಂದು ಮೊಳಕೈ ಹಿಡಿದು ಈಚೆಗೆ ಎಳೆಯುತ್ತಿದ್ದಳು. ಇಪ್ಪತ್ತಮೂರು ವರ್ಷದವಳನ್ನು!

ನಾಲ್ಕನೆಯ ದಿನ ದುಭಾಷಿ ಮಾಯ್ ಬಂದಳು. ಅಲ್ಲಿನದೇ ಕಾಲೇಜು ಹುಡುಗಿ, ಇಂಗ್ಲಿಷ್ ಬಲ್ಲವಳು. ಬಂದ ಕೂಡಲೇ ನಾನು ಕೋಳಿ ತಿನ್ನುವವಳು ಎಂದು ಸಾರಿದಳು. ಊಟ್ ಹಣೆ ಬಡಿದುಕೊಂಡು ಹಿತ್ತಲಿಗೆ ಓಡಿದ. ಅಂದಿನಿಂದ ಮನೆಯವರ ಮಾತೆಲ್ಲ ಮಾಯ್ ಮೂಲಕವೇ ನನಗೆ ದಕ್ಕಿದ್ದು. ಆದರೆ ನನ್ನ ಕಿವಿಗೆ ಅದು ನಮ್ಮೂರ ಮಾತಿನಂತೆಯೇ ಕೇಳಿಸುತ್ತಿತ್ತು, ಹಾಗೆಯೇ ಬರೆಯುತ್ತೇನೆ.

ಅದಕ್ಕೆ ಕಾರಣವೂ ಇದೆ. ಅವರಲ್ಲೂ ಅಪ್ಪನ ತಮ್ಮನಿಗೆ ಒಂದು ಪದ, ಅವ್ವನ ತಮ್ಮನಿಗೆ ಇನ್ನೊಂದು. ಶಿಬಿರದಲ್ಲಿ ಜರ್ಮನಿಯ ಹುಡುಗನೊಬ್ಬ ಇದನ್ನು ಕಂಠಪಾಠ ಮಾಡಲು ಎರಡು ದಿನ ಹೆಣಗಿದ. ನಾನು ಒಂದಕ್ಕೆ ಕಾಕಾ, ಇನ್ನೊಂದಕ್ಕೆ ಮಾಮಾ ಎಂದು ಪಕ್ಕದಲ್ಲಿ ಬರೆದು ಚಾ ಕುಡಿಯಲು ಹೋದೆ. ಊಟ್ ನನಗೆ ಕಾಕಾ ಆದ, ಹಾಯ್ ಅತ್ತಿ ಆದಳು.

ಒಂದು ಎಲ್ಲಿ?

ನಕ್ಷೆ ಬರೆಯಲು ಕೂತಾಗ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಅಷ್ಟರಲ್ಲಿ ನಾನು ಅವರ ಅಂಕಿಗಳನ್ನು ಕಲಿತಿದ್ದೆ. ಹಾಯ್ ಎಂದರೆ ಎರಡು. ಬಾ, ಮೂರು. ಅವರ ತಂಗಿ ತೂ, ನಾಲ್ಕು. ಈ ಮನೆಯಲ್ಲಿ ಮಕ್ಕಳ ಹೆಸರೆಲ್ಲ ಅಂಕಿಗಳೇ! ದಾಖಲೆಯಲ್ಲಿ ಬೇರೆ ಹೆಸರಿದ್ದರೂ ಮನೆಯಲ್ಲಿ, ಓಣಿಯಲ್ಲಿ ಕರೆಯುವುದು ಹೀಗೆಯೇ. ಊಟ್ ಮಾತ್ರ ಅಂಕಿಯಲ್ಲ, ಕೊನೆಯವ ಎಂದರ್ಥ.

ಹಾಗಾದರೆ ಒಂದನೆಯವರು ಎಲ್ಲಿ?

ಬೇರೆ ಯಾರಿಗಾದರೂ ಇದು ಬರೀ ಪ್ರಶ್ನೆಯಾಗಿ ಉಳಿಯುತ್ತಿತ್ತು. ನನಗೆ ಉತ್ತರವೂ ಕೂಡಲೇ ಹೊಳೆಯಿತು. ನಮ್ಮಪ್ಪನ ಹೆಸರು ತಿಪ್ಪಣ್ಣ. ಅವನಿಗಿಂತ ಮೊದಲು ಹುಟ್ಟಿದ ಇಬ್ಬರು ಉಳಿಯಲಿಲ್ಲವೆಂದು, ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಹೊರಳಿಸಿ ತಂದು, ಸಾವಿನ ಕಣ್ಣಿಗೆ ಕಸದ ಹಾಗೆ ಕಾಣಲಿ ಎಂದು ಆ ಹೆಸರಿಟ್ಟರಂತೆ. ನಮ್ಮ ಕಡೆ ಹೆಸರು ಕೇಳಿದರೆ ಅದರ ಹಿಂದೆ ಹೋದವರು ಎಷ್ಟು ಎಂದು ಅಂದಾಜು ಸಿಗುತ್ತದೆ. ಅಜ್ಜಿಗೆ ಮೊದಲ ಕೂಸು ಉಳಿದಿಲ್ಲ, ಪಾಪ, ಎಂದು ತೀರ್ಮಾನಿಸಿಬಿಟ್ಟೆ. ಹಾಯ್ ಅತ್ತಿಯ ಎಡಕ್ಕೆ ಪೆನ್ಸಿಲಿನಲ್ಲಿ ಒಂದು ವೃತ್ತ ಬರೆದು ಓರೆಗೆರೆ ಎಳೆದೂ ಇಟ್ಟೆ.

ಸಂಜೆ ಎಲ್ಲರೂ ಅಂಗಳದಲ್ಲಿದ್ದಾಗ ಅಜ್ಜಿಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡೆ. ಧ್ವನಿ ತಗ್ಗಿಸಿದೆ.

"ಬಾ ರೀ, ನಿಮ್ಮ ಮೊದಲನೇ ಕೂಸು ಹ್ಯಾಂಗ ಹೋತ್ರಿ?"

ಮಾಯ್ ನನ್ನನ್ನೇ ನೋಡಿದಳು. "ಇದನ್ನ ಹೇಳಲೇಬೇಕಾ?" ಎಂದಳು. ಹೇಳು ಎಂದೆ. ಹೇಳಿದಳು.

ಊಟ್ ಕಾಕಾನ ಬಾಯಿಂದ ಚಹಾ ಚಿಮ್ಮಿತು. ಬಾ ಕಾಕಾ ತೊಡೆ ತಟ್ಟಿಕೊಂಡು ನಕ್ಕ. ಹಾಯ್ ಅತ್ತಿ ಕೂಡ ಸೆರಗಿಲ್ಲದ್ದಕ್ಕೆ ತೋಳನ್ನೇ ಬಾಯಿಗೆ ಅಡ್ಡ ಹಿಡಿದಳು.

"ಮೊದಲನೇದು ನಾನ ಅಲ್ಲೇನ, ಇಲ್ಲೇ ಕುಂತೀನಿ!" ಎಂದಳು.

ಆ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ಮೊದಲನೆಯದಕ್ಕೆ ಎರಡು ಎಂದೇ ಕರೆಯುತ್ತಾರಂತೆ. ಒಂದು ಇಲ್ಲವೇ ಇಲ್ಲ. ಯಾಕೆ ಎಂದೆ. ಊಟ್ ಕಾಕಾ, "ಚೊಚ್ಚಲ ಕೂಸು ಯಾವುದಂತ ದೆವ್ವಕ್ಕ ತಿಳೀಬಾರದು, ಅದಕ್ಕ," ಎಂದ. ಬಾ ಕಾಕಾ ಒಪ್ಪಲಿಲ್ಲ. "ದೆವ್ವಾನೂ ಇಲ್ಲ ಏನೂ ಇಲ್ಲ. ಹಿಂದಕ್ಕ ಊರ ಗೌಡಗ ಒಂದನೇದವ ಅಂತಿದ್ರು. ಗೌಡನ ಹೆಸರು ಮನ್ಯಾಗ ಇಡಾಕಾಕ್ಕೈತೇನು?" ಬಾಜು ಮನೆಯವನು ಬೇಲಿಯಾಚೆಯಿಂದಲೇ ಮೂರನೆಯದೊಂದು ಹೇಳಿದ. ಹಿರಿಯರು ಉತ್ತರದಿಂದ ಇಲ್ಲಿಗೆ ಬಂದಾಗ ಚೊಚ್ಚಲ ಮಗನನ್ನು ಊರಲ್ಲೇ ಬಿಟ್ಟು ಬಂದರಂತೆ. ಮೂವರೂ ಜಗಳಕ್ಕೆ ನಿಂತರು. ನಾನು ಪೆನ್ಸಿಲಿನ ವೃತ್ತವನ್ನು ರಬ್ಬರಿನಿಂದ ಅಳಿಸುತ್ತ, ಮೂರನ್ನೂ ಬರೆದುಕೊಂಡೆ.

ನಕ್ಕವರಲ್ಲಿ ಎಲ್ಲರಿಗಿಂತ ಮೊದಲು ಸುಮ್ಮನಾದವಳು ಅಜ್ಜಿ. ಅದನ್ನು ನೋಡಿದೆ, ಆದರೆ ಬರೆದುಕೊಳ್ಳಲಿಲ್ಲ.

ಐದು ಬಟ್ಟಲು

ಮುಂದೆ ಎಲ್ಲ ಸಲೀಸಾಯಿತು. ತೀರಿಹೋದ ಅಜ್ಜನ ತಿಥಿಗೆ ಮಕ್ಕಳೆಲ್ಲ ಸೇರಿದ್ದರು. ಅಡುಗೆ, ಗದ್ದಲ, ಅಜ್ಜನ ಫೋಟೋದ ಮುಂದೆ ಅವನಿಗೆ ಪ್ರೀತಿಯ ಮೀನು. ನಾನು ಹಾಳೆ ಹಿಡಿದು ಒಬ್ಬೊಬ್ಬರ ಹತ್ತಿರ ಹೋದೆ. ಮೊದಲು ಹಾಯ್ ಅತ್ತಿ, ಆಮೇಲೆ ಬಾ, ತೂ, ಇನ್ನೊಬ್ಬ ತಮ್ಮ ಸಾವ್, ಊಟ್. ಎಲ್ಲರೂ ನೋಡಿ, "ಹೌದ್ ನೋಡು, ಇದು ನಾವ" ಎಂದು ಹಿಂದೆ ಗುರುತು ಹಾಕಿದರು. ಅಜ್ಜಿ ಮಾತ್ರ ಹಾಳೆಯನ್ನು ಬಹಳ ಹೊತ್ತು ಹಿಡಿದುಕೊಂಡಳು.

"ಆಮ್ಯಾಲೆ ಹಾಕ್ತೀನಿ. ಕನ್ನಡಕ ಸಿಗವಲ್ದು."

ಕನ್ನಡಕ ಮೂಗಿನ ಮೇಲೆಯೇ ಇತ್ತು. ವಯಸ್ಸಾಗಿದೆ, ಮರೆವು ಎಂದುಕೊಂಡೆ. ಇಂಥ ಬುದ್ಧಿವಂತೆ ನಾನು.

ಮರುದಿನ ಹಾಯ್ ಅತ್ತಿಯ ಅಂಗಡಿಯಲ್ಲಿ ಬಟ್ಟಲು ಜೋಡಿಸಿ ಕೊಡುತ್ತಿದ್ದೆ. ಗಿರಾಕಿಗಳೆದುರು ನನ್ನ ಜಾಣತನ ತೋರಿಸಬೇಕಲ್ಲ. ಒಂದು ಬಿಟ್ಟು ಎರಡರಿಂದಲೇ, ಆ ಮನೆಯ ಧಾಟಿಯಲ್ಲಿ ಜೋರಾಗಿ ಎಣಿಸಿದೆ. "ಹಾಯ್, ಬಾ, ತೂ..." ಜನ ನಗುತ್ತಿದ್ದರು. "...ನಮ್, ಸಾವ್..."

ಸೌಟು ಗಡಿಗೆಯ ಮೇಲೆ ನಿಂತುಬಿಟ್ಟಿತು. ಸಾರು ತೊಟ್ಟಿಕ್ಕುತ್ತಿತ್ತು, ಅತ್ತಿ ನನ್ನನ್ನು ನೋಡುತ್ತಿರಲಿಲ್ಲ.

ನಮ್ ಎಂದರೆ ಐದು. ಹಾಯ್, ಬಾ, ತೂ ಆದ ಮೇಲೆ ನನ್ನ ನಕ್ಷೆಯಲ್ಲಿದ್ದದ್ದು ಸಾವ್. ಸಾವ್ ಎಂದರೆ ಆರು. ಇಲ್ಲದ ಒಂದನ್ನು ಹುಡುಕಲು ಅಷ್ಟು ಶೋಕ ನಟಿಸಿದವಳು, ಇದ್ದ ಐದನ್ನು ಹಾರಿಸಿ ಹೋಗಿದ್ದೆ. ಐದು ಜನ ಗುರುತು ಹಾಕಿದ್ದರು, ಒಬ್ಬರೂ ಹೇಳಿರಲಿಲ್ಲ.

ಮಾಯ್‌ಳನ್ನು ಕರೆದುಕೊಂಡು ಅಜ್ಜಿಯ ಹತ್ತಿರ ಹೋದೆ. ಈ ಸಲ ಕೈ ಹಿಡಿಯುವ ಧೈರ್ಯ ಬರಲಿಲ್ಲ. ಅವಳು ತೆಂಗಿನ ಗರಿ ಸೀಳುತ್ತಿದ್ದಳು.

"ಬಾ ರೀ, ತೂ ಆದಮ್ಯಾಲೆ ಯಾರ್ರೀ?"

ಅಜ್ಜಿ ಗರಿ ಕೆಳಗಿಟ್ಟಳು.

"ಅಂತೂ ಕೇಳಿದಿ. ಗಂಡಸಮಗ. ಮೂರು ವರ್ಷದಾಂವ. ಕಾಲಿವ್ಯಾಗ ಹೋದ." ಗರಿಯನ್ನು ಆಚೆ ಸರಿಸಿ, "ಫೋಟೋ ತಗಸಿರಲಿಲ್ಲ. ಆಗೆಲ್ಲಿ ಫೋಟೋ. ನೀ ಬರಿ. ಬರದ್ರ ನಾ ಗುರುತು ಹಾಕ್ತೀನಿ."

ಅಲ್ಲೇ ಕೂತು ತೂ ಮತ್ತು ಸಾವ್ ನಡುವಿನ ಸಂದಿಯಲ್ಲಿ ಒಂದು ಚಿಕ್ಕ ತ್ರಿಕೋನ ತುರುಕಿ, ಓರೆಗೆರೆ ಎಳೆದೆ. ಅಜ್ಜಿ ಹಾಳೆ ತಿರುಗಿಸಿ ದೊಡ್ಡದಾಗಿ ಗುರುತು ಹಾಕಿದಳು. ಈಗ ಆರೂ ಗುರುತು ಇದ್ದವು. ಕಾಗದ ಸಿಕ್ಕ ಹಾಗೆಯೇ.

"ಆತಲ್ಲ!" ಎಂದೆ ಮಾಯ್‌ಗೆ.

"ಹಾಯ್ ಅತ್ತಿ ಗುರುತು ಹಾಕಿದ್ದು ಐದು ಇಲ್ಲದ ಹಾಳೆಗೆ," ಎಂದಳು ಮಾಯ್.

ಅವಳು ಹೇಳದಿದ್ದರೆ ನನಗೆ ಹೊಳೆಯುತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಹೊಳೆದಿತ್ತು. ಯಾರೂ ಹೇಳದಿದ್ದರೆ ಸಾಕು ಎಂದುಕೊಂಡಿದ್ದೆ.

ಉಳಿದ ನಾಲ್ವರು ನೋಡಿ, "ಅವ್ವ ಹೇಳಿದ್ಲಂದ್ರ ಮುಗೀತು" ಎಂದರು. ಹಾಯ್ ಅತ್ತಿ ಹಾಳೆಯನ್ನು ನೋಡಿದಳು. ತಿರುಗಿಸಿದಳು. ನನ್ನ ಕೈಯಿಂದ ಪೆನ್ನು ಇಸಿದುಕೊಂಡು ತನ್ನ ಗುರುತನ್ನು ಹೊಡೆದುಹಾಕಿದಳು.

"ಅದನ್ನ ತಗಿ. ತಗದ್ರ ಹಾಕ್ತೀನಿ."

ತೆಗೆದರೆ ಅಜ್ಜಿಯ ಗುರುತು ಹೋಗುತ್ತದೆ. ಇಟ್ಟರೆ ಅತ್ತಿಯದು ಇಲ್ಲ. ಉಳಿದದ್ದು ಮೂರು ದಿನ.

ಅಪ್ಪನ ಫೋನು

ಅಪ್ಪ ಸರಿಯಾದ ಹೊತ್ತಿಗೆ ಫೋನ್ ಮಾಡುವುದರಲ್ಲಿ ನಿಸ್ಸೀಮ.

"ಬಿ.ಎಡ್. ಫಾರಂ ತಂದಿಟ್ಟೀನವಾ. ಫೋಟೋ ಆಧಾರ್ ಕಾರ್ಡಿನಾಗಿಂದ ಹಚ್ಚಲೇನು?"

"ಆಧಾರದಾಗ ನಾ ಕಳ್ಳರಂಗ ಕಾಣ್ತೀನಪ್ಪಾ. ಇನ್ನೂ ಮೂರು ದಿನ ತಡಿ."

"ಯಾಕ, ಕಾಗದ ಕೊಡವಲ್ರ?"

ಎಲ್ಲ ಹೇಳಿದೆ. ಅಪ್ಪ ಹೂಂ, ಹೂಂ ಎಂದು ಕೇಳಿದ. ಹಿಂದೆ ಅವ್ವ, "ಏನಂತ? ಉಣ್ಣಾಕರೆ ಛಲೋ ಕೊಡಾಕತ್ತಾರಂತೇನ?" ಎನ್ನುತ್ತಿದ್ದಳು.

"ಅಲ್ಲವಾ," ಎಂದ ಅಪ್ಪ, "ಆ ದೊಡ್ಡಾಕಿ ಬ್ಯಾಡ ಅಂದ್ಲು ಅಂತಿ. ಯಾಕ ಬ್ಯಾಡ ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಎರಡು ವರ್ಷ ಮಾಳಿಗೆಯ ಮೇಲೆ ಕೂತು ಕಲಿತದ್ದೆಲ್ಲ ಜನರನ್ನು 'ಯಾಕೆ' ಎಂದು ಕೇಳುವ ವಿದ್ಯೆ. ಕೇಳಬೇಕಾದ ಒಂದೇ ಕಡೆ ನನಗೆ ನನ್ನ ಕಾಗದದ ಚಿಂತೆ ಹತ್ತಿತ್ತು.

ಮರುದಿನ ಗಿರಾಕಿಗಳು ಹೋದ ಮೇಲೆ ಅತ್ತಿಯ ಜೊತೆ ಬಟ್ಟಲು ತೊಳೆಯಲು ಕೂತೆವು. ನಾನು ಒಂದು ಕಡೆ, ಮಾಯ್ ಒಂದು ಕಡೆ.

"ಯಾಕ್ ಬ್ಯಾಡ್ರಿ ಅತ್ತಿ?"

ಅತ್ತಿ ತೊಳೆದ ಬಟ್ಟಲನ್ನೇ ಮತ್ತೆ ತೊಳೆದಳು.

"ನಾ ಆಗ ಹತ್ತು ವರ್ಷದಾಕಿ. ಅವ್ವ ತೋಟಕ್ಕ ಹೋಗಿದ್ಲು. ಅವನ್ನ ನನ್ನ ಹತ್ರ ಬಿಟ್ಟಿದ್ಲು. ನಾ ಮೆಟ್ಟಲ ಮ್ಯಾಲೆ ಅರಿಬಿ ಒಗಿಯಾಕತ್ತಿದ್ದೆ. ಹೊಳ್ಳಿ ನೋಡಿದ್ರ, ಅಂವ ಆಡಾಕತ್ತಿದ್ದ ತೆಂಗಿನ ಚಿಪ್ಪಷ್ಟ ಇತ್ತು."

ಮಾಯ್ ಹೇಳಿ ಮುಗಿಸುವವರೆಗೆ ಕಾದು, ಮುಂದುವರಿಸಿದಳು.

"ಮನ್ಯಾಗ ನನಗ ಯಾರೂ ಏನೂ ಅನ್ಲಿಲ್ಲ. ಇವತ್ತಿನ ತನಕಾ ಅಂದಿಲ್ಲ. ಬೈದಿದ್ರ ಛಲೋ ಇತ್ತು. ಈಗ ನಿನ್ನ ಹಾಳಿ ಊರೂರು ತಿರಗತೈತಿ. ನೋಡಿದವ್ರೆಲ್ಲಾ ಕೇಳ್ತಾರ, ಈ ಕೂಸು ಹ್ಯಾಂಗ ಸತ್ತು, ಯಾರ ಕೈಯಾಗಿತ್ತು ಅಂತ."

ನನ್ನ ನೋಟ್ಸಿನಲ್ಲಿ ಇದಕ್ಕೆ ಯಾವ ಪಾಠವೂ ಇರಲಿಲ್ಲ.

"ಹಂಗಾದ್ರ ನಾ ಇದನ್ನ ಕೊಡೂದ ಇಲ್ರಿ. ಬಾ ರೀ ಹತ್ರನ ಇಟ್ಟು ಹೋಗ್ತೀನಿ."

"ಮತ್ತ ನಿನ್ನ ಕಾಗದ?"

"ಬಿ.ಎಡ್. ಮಾಡ್ತೀನ್ರಿ."

"ಹಂಗಂದ್ರ?"

"ಸಾಲಿ ಕಲಿಸೂದ್ರಿ."

"ಅದೂ ಛಲೋನ ಐತಲ್ಲ."

"ಐತ್ರಿ," ಎಂದೆ. ಧ್ವನಿ ಮಾತ್ರ ಒಪ್ಪಲಿಲ್ಲ. ಮಾಯ್ ಆ ಧ್ವನಿಯನ್ನೂ ಅನುವಾದ ಮಾಡಿದಳೋ ಏನೋ, ಅತ್ತಿ ನನ್ನ ತಲೆಯ ಮೇಲೆ ಸೋಪಿನ ಕೈಯಿಂದಲೇ ಒಂದು ಮೊಟಕಿದಳು.

ಇದನ್ನು ಇಲ್ಲಿ ಬರೆಯಲು ಅತ್ತಿಯೇ ಆಮೇಲೆ ಒಪ್ಪಿಗೆ ಕೊಟ್ಟಳು. ಅದು ಹೇಗೆ ಬಂತೆಂದು ಹೇಳುತ್ತೇನೆ.

ಕೊನೆಯ ಬೆಳಿಗ್ಗೆ

ಎಂಟಕ್ಕೆ ದೋಣಿ. ಶಿಬಿರದ ಎಲ್ಲರೂ ಅದರಲ್ಲೇ ಹೋಗಿ ಟೀಚರ್ ಮುಂದೆ ನಕ್ಷೆ ಇಡಬೇಕು. ನಾನು ಹಾಳೆಯನ್ನು ಅಜ್ಜಿಗೆ ಕೊಟ್ಟು, ಬ್ಯಾಗ್ ಕಟ್ಟಿ, ಚಪ್ಪಲಿ ಹುಡುಕುತ್ತಿದ್ದೆ. ಹಾಯ್ ಅತ್ತಿ ಬಂದಳು. ಆ ಹೊತ್ತಿಗೆ ಅವಳು ಅಂಗಡಿಯಲ್ಲಿರಬೇಕು.

"ಎಲ್ಲೈತಿ ಹಾಳಿ?"

ಅಜ್ಜಿ ತೆಗೆದು ಕೊಟ್ಟಳು. ತಾಯಿ ಮಗಳು ಇಬ್ಬರೂ ಅದರ ಮೇಲೆ ಬಗ್ಗಿದರು. ಅತ್ತಿ ಬೆರಳಿನಿಂದ ಸಾಲನ್ನು ಹಿಡಿದು ಬಂದಳು. ತಾನು, ಬಾ, ತೂ. ತೂ ಮತ್ತು ಸಾವ್ ನಡುವೆ ನಾನು ತುರುಕಿದ್ದ ಹೆಸರುಕಾಳಿನಷ್ಟು ತ್ರಿಕೋನದ ಮೇಲೆ ಬೆರಳು ನಿಂತಿತು.

"ಇಷ್ಟ ಜಾಗಾದಾಗ ಅಂವ ಹ್ಯಾಂಗ ಕುಂದರ್ತಾನ?"

ನಾನು ಮಾಯ್ ಮುಖ ನೋಡಿದೆ. ಅವಳು ತಪ್ಪು ಹೇಳಿರಲಿಲ್ಲ.

"ಎಲ್ಲಾರಿಗೂ ಅಷ್ಟಷ್ಟು ಜಾಗಾ ಬಿಟ್ಟಿ. ಅವಗ ಇಷ್ಟ?" ಅತ್ತಿಯ ಧ್ವನಿ ಏರಿತು. "ನಡಬರಕ ಬಂದ ನೆಂಟನ್ನ ಕುಂದರಿಸಿದಂಗ! ಹೊಸಾದು ಬರಿ."

"ಅತ್ತಿ, ದೋಣಿ ಎಂಟಕ್ಕೈತ್ರಿ..."

"ದೋಣಿ ಮತ್ತ ಬರತೈತಿ. ಬರಿ."

ಊಟ್ ಕಾಕಾ ಮಕ್ಕಳ ನೋಟುಬುಕ್ಕಿನಿಂದ ಹೊಸ ಹಾಳೆ ತಂದ. ನಾನು ನೆಲದ ಮೇಲೆ ಕೂತೆ. ಅತ್ತಿ ಪಕ್ಕದಲ್ಲಿ ಕೂತು ಬೆರಳು ಇಟ್ಟು ಅಳತೆ ಹೇಳತೊಡಗಿದಳು. ತಾನು, ನಾಲ್ಕು ಬೆರಳು ಬಿಟ್ಟು ಬಾ, ನಾಲ್ಕು ಬೆರಳು ಬಿಟ್ಟು ತೂ. ನಾಲ್ಕು ಬೆರಳು. ಐದನೆಯ ತ್ರಿಕೋನವನ್ನು ಬಾ ಕಾಕಾನದರಷ್ಟೇ ದೊಡ್ಡದಾಗಿ ಬರೆದೆ. ಓರೆಗೆರೆ ಎಳೆಯಲೋ ಬೇಡವೋ ಎಂದು ಪೆನ್ನು ಎತ್ತಿ ಹಿಡಿದೆ.

"ಎಳಿ," ಎಂದಳು ಅತ್ತಿ. "ಹೋದದ್ದು ಹೌದು. ಜಾಗಾ ಕಡಿಮಿ ಆಗಬಾರದು, ಅಷ್ಟ."

ಅಜ್ಜಿ ಮಗಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು, ತೆಗೆಯಲೇ ಇಲ್ಲ.

"ಯಾರರೆ ಕೇಳಿದ್ರ?" ಎಂದು ನಾನೇ ಮೆಲ್ಲಗೆ ಕೇಳಿದೆ.

"ಕೇಳಿದ್ರ ಹೇಳು. ಅಕ್ಕನ ಕೈಯಾಗಿದ್ದ, ಅಕ್ಕ ಹತ್ತು ವರ್ಷದಾಕಿ ಅಂತ ಹೇಳು. ವಯಸ್ಸು ಬಿಟ್ಟು ಹೇಳಬ್ಯಾಡ." ನನ್ನ ಪೆನ್ನಿನತ್ತ ಕೈ ತೋರಿಸಿ, "ಬೇಕಾದ್ರ ಬರಕೋ," ಎಂದಳು.

ಆಚೆ ದೋಣಿಯ ಸದ್ದು ಬಂತು, ಹೋಯಿತು. ಸಾವ್ ಬಲಕ್ಕೆ ಸರಿದ. ಊಟ್ ಇನ್ನೂ ಬಲಕ್ಕೆ ಸರಿದು ಹಾಳೆಯ ಅಂಚಿಗೆ ಬಂದು ಕೂತ. ಅವನ ಹೆಂಡತಿಗೆ ಅರ್ಧ ವೃತ್ತ ಬರೆಯುವಷ್ಟರಲ್ಲಿ ಹಾಳೆ ಮುಗಿಯಿತು.

"ಏ, ನನ್ನ ಹುಡುಗೂರು?" ಎಂದ ಊಟ್ ಕಾಕಾ. "ಈ ಮನಿ ನಡಸಾಂವ ನಾನು. ನನ್ನ ಹುಡುಗೂರನ್ನ ಹೊರಗ ಹಾಕಿದ್ರೇನು?"

"ಇನ್ನೊಂದ್ ಹಾಳಿ ಹಚ್ಚಲೇ," ಎಂದಳು ಅತ್ತಿ, ತಲೆ ಎತ್ತದೆ.

ಅನ್ನದ ಅಗುಳು ತಿಕ್ಕಿ ಇನ್ನೊಂದು ಹಾಳೆ ಅಂಟಿಸಿದೆವು. ಊಟ್ ಕಾಕಾ ತನ್ನ ಇಬ್ಬರು ಮಕ್ಕಳನ್ನು ಬೇಕಂತಲೇ ದೊಡ್ಡದಾಗಿ ಬರೆಸಿಕೊಂಡ. ಆಮೇಲೆ ಅತ್ತಿ ಹಾಳೆ ತಿರುಗಿಸಿ ಎಲ್ಲರಿಗಿಂತ ಮೊದಲು ಗುರುತು ಹಾಕಿದಳು. ಅಜ್ಜಿ, ಊಟ್ ಅಲ್ಲೇ ಹಾಕಿದರು. ಉಳಿದ ಮೂವರ ಮನೆಗೂ ಬೈಕಿನ ಮೇಲೆ ನನ್ನನ್ನು ಅತ್ತಿಯೇ ಒಯ್ದಳು, ಸಾರಿನ ಅಂಗಡಿ ಮುಚ್ಚಿ.

ಮುಂದಿನ ದೋಣಿ ಹಿಡಿದು ನಾನು ಶಿಬಿರ ಮುಟ್ಟಿದಾಗ ಎಲ್ಲರ ನಕ್ಷೆ ನೋಡಿ ಮುಗಿದಿತ್ತು. ಟೀಚರ್ ನನ್ನ ಹಾಳೆಯನ್ನು ಬೆಳಕಿಗೆ ಎತ್ತಿ ಹಿಡಿದರು. ಅನ್ನದ ಅಂಟು ಬಿಟ್ಟು ಊಟ್ ಕಾಕಾನ ಸಂಸಾರ ಕೆಳಗೆ ಬಿತ್ತು. ಎಲ್ಲರೂ ನಕ್ಕರು.

"ಚಿಕ್ಕದಾಗಿ ಬರೆದಿದ್ದರೆ ಒಂದೇ ಹಾಳೆ ಸಾಕಾಗುತ್ತಿತ್ತು," ಎಂದರು ಟೀಚರ್.

"ಮನೆಯವರು ಒಪ್ಪಲಿಲ್ಲ," ಎಂದೆ.

ಅವರು ಹಾಳೆ ತಿರುಗಿಸಿ ಗುರುತುಗಳನ್ನು ಎಣಿಸಿದರು. ಆರಿದ್ದವು. ಕಾಗದಕ್ಕೆ ಸಹಿ ಹಾಕಿ ನನ್ನ ಕೈಗಿಟ್ಟು, ಮತ್ತೆ ನಕ್ಷೆಯನ್ನೇ ನೋಡುತ್ತ ನಿಂತರು. ತೂ ಮತ್ತು ಐದನೆಯವನ ನಡುವೆ ನಾಲ್ಕು ಬೆರಳು. ಐದನೆಯವ ಮತ್ತು ಸಾವ್ ನಡುವೆ ನಾಲ್ಕು ಬೆರಳು. ಅತ್ತಿ ಎರಡೆರಡು ಸಲ ಅಳೆದಿದ್ದಳು.